ಬೀಗದೊಳಗಿನ ಹಸಿರು ಹೂದಾನಿ

ನಾನು ಬೇಕರಿಯಲ್ಲಿ ಹಿಟ್ಟು ನಾದುವವನು. ಕತೆ ಕಟ್ಟುವ ಅಭ್ಯಾಸ ನನಗಿಲ್ಲ. ಆ ಸದ್ದನ್ನು ನಾನೊಬ್ಬನೇ ಕೇಳಿದ್ದರೆ ನಿದ್ದೆಗೆಟ್ಟ ತಲೆ ಎಂದುಕೊಂಡು ಸುಮ್ಮನಾಗಿಬಿಡುತ್ತಿದ್ದೆ. ಆದರೆ ನನ್ನ ಮಗಳೂ ಕೇಳಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕ್ರೈಸ್ಟ್‌ಚರ್ಚಿನಲ್ಲಿ, ರಿಕ್ಕರ್ಟನ್ನಿನ ಒಂದು ಒಳರಸ್ತೆಯಲ್ಲಿದೆ. ಹಾಲ್‌ನಲ್ಲಿ ಒಂದು ಗಾಜಿನ ಕಪಾಟು. ಅದರ ತುಂಬ ನನ್ನ ಹೆಂಡತಿ ಶೈಲಾ ಕೂಡಿಟ್ಟ ಹಾಲೆಂಡಿನ ಹಳೆಯ ಹೂದಾನಿ, ತಟ್ಟೆ, ಹೂಜಿಗಳು. ನೂರು ವರ್ಷದ ಹಿಂದೆ ಯಾರೋ ಕೈಯಲ್ಲೇ ಬಣ್ಣ ತುಂಬಿದ್ದು. ಕಡುಹಸಿರಿನ ಮೇಲೆ ಕಿತ್ತಳೆ ಹೂ, ನೀಲಿ ಎಲೆ, ಅಂಚಿಗೆ ಸಾಸಿವೆ ಹಳದಿ.

ಈ ಹುಚ್ಚು ಹತ್ತಿಸಿದವರು ಪಕ್ಕದ ಮನೆಯ ಹೆನ್ನಿ ಆಂಟಿ. ಮಗುವಾಗಿದ್ದಾಗಲೇ ಹಾಲೆಂಡಿನಿಂದ ಹಡಗಿನಲ್ಲಿ ಬಂದವರು. ಅವರೇ ಶೈಲಾಳನ್ನು ಆಪ್ ಶಾಪ್‌ಗಳಿಗೆ ಕರೆದುಕೊಂಡು ಹೋಗಿ, ಜನ ಕೊಟ್ಟುಹೋದ ಹಳೆಯ ಸಾಮಾನಿನ ರಾಶಿಯಲ್ಲಿ ಒಳ್ಳೆಯದನ್ನು ಗುರುತಿಸುವುದನ್ನು ಕಲಿಸಿದರು. ಮೊದಲು ಕೈಯಲ್ಲಿರುವ ಉಂಗುರ, ಬಳೆ ತೆಗೆದಿಡಬೇಕು. ಆಮೇಲೆ ಎರಡು ಕೈಯಲ್ಲಿ ಎತ್ತಿ, ಬಾಯಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಬೇಕು. ಟಿಣ್ ಎಂದರೆ ಗಟ್ಟಿ. ಟಪ್ ಎಂದರೆ ಎಲ್ಲೋ ಕಾಣದ ಬಿರುಕಿದೆ.

ಮೊದಲ ಹೂದಾನಿ ಅಂಗೈ ಎತ್ತರದ್ದು, ಹಸಿರು. ಅಂಗಡಿಯಲ್ಲೇ ನನ್ನ ಕಿವಿಯ ಹತ್ತಿರ ಹಿಡಿದು ತಟ್ಟಿದಳು.

"ಕೇಳಿದ್ರಾ? ನಿಮ್ಮ ತಲೇನೂ ಹೀಗೇ ತಟ್ಟಿ ನೋಡಿ ಮದುವೆ ಆಗ್ಬೇಕಿತ್ತು ನಾನು."

"ಈಗ್ಲೂ ತಟ್ಟು. ಬಿರುಕಿದ್ರೂ ನಮ್ಮಪ್ಪ ರಿಟರ್ನ್ ತಗೊಳಲ್ಲ," ಎಂದಿದ್ದೆ.

ಇದು ಭೂಮಿ ನಡುಗುವ ಊರು. ಹಾಗಾಗಿ ಒಂದೊಂದರ ತಳಕ್ಕೂ ಬಟಾಣಿ ಗಾತ್ರದ ಮೇಣ ಅಂಟಿಸಿ ಕೂರಿಸುತ್ತಿದ್ದಳು. ತಿರುಚಿ ಎತ್ತದೆ ಅವು ಕದಲುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಕಳೆದ ವರ್ಷ ಶೈಲಾಳಿಗೆ ಗಂಟಲಿನ ಕಾಯಿಲೆ ಬಂತು. ಆಪರೇಷನ್ ಆದಮೇಲೆ ದನಿಯೇ ಹೋಯಿತು. ಕರೆಯಲು ಬೇಕಾಗುತ್ತದೆಂದು ಮಗಳು ಮೇಘನಾ ಒಂದು ಬ್ಯಾಟರಿ ಬೆಲ್ ತಂದಳು. ಶೈಲಾ ಅದನ್ನು ಪಕ್ಕಕ್ಕೆ ತಳ್ಳಿ, ಸ್ಲೇಟಿನ ಮೇಲೆ 'ಹಸಿರು ಹೂದಾನಿ' ಎಂದು ಬರೆದಳು.

ಅಂದಿನಿಂದ ಅದು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ. ಉಗುರಿನಿಂದ ಒಮ್ಮೆ ತಟ್ಟಿದರೆ ಮನೆಗೆಲ್ಲ ಕೇಳುತ್ತಿತ್ತು. "ಬಂದೆ," ಎಂದು ನಾನು ಎದ್ದು ಹೋಗುತ್ತಿದ್ದೆ. ದಿನಾ ಹೀಗೆ ತಟ್ಟಿದರೆ ಅದಕ್ಕೆ ಒಳ್ಳೆಯದಲ್ಲ ಎಂದು ಹೆನ್ನಿ ಆಂಟಿ ಹೇಳಿದ್ದಕ್ಕೆ ಶೈಲಾ ಬರೆದು ತೋರಿಸಿದ್ದಳು: 'ಅದಕ್ಕೂ ಒಂದು ಕೆಲಸ ಬೇಡವೇ?'

ನಾನು ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದು ಮಲಗುತ್ತಿದ್ದೆ. ಮೂರು ಗಂಟೆಗೆ ಅಲಾರಂ, ನಾಲ್ಕಕ್ಕೆ ಬೇಕರಿ. ಒಂದು ದಿನ ಅಲಾರಂ ಆಗಿ ಎದ್ದು ಅವಳನ್ನು ನೋಡಲು ಹೋದೆ. ಶೈಲಾ ಹೋಗಿಬಿಟ್ಟಿದ್ದಳು. ಬಲಗೈ ರಜಾಯಿಯ ಹೊರಗೆ ಚಾಚಿತ್ತು. ಬೆರಳು ಹೂದಾನಿಯ ಅಂಚಿಗೆ ತಾಗಿತ್ತು.

ಕರೆದಳೇ? ಕರೆದಿದ್ದು ನನಗೆ ಕೇಳಲಿಲ್ಲವೇ? ಅಥವಾ ಕೇಳಿಯೂ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದೆನೇ? ನಾಲ್ಕು ತಿಂಗಳಿಂದ ನನಗಿರುವುದು ಇದೊಂದೇ ಪ್ರಶ್ನೆ.

ಹನ್ನೊಂದನೆಯ ದಿನ ಕಳೆದಮೇಲೆ ಹೂದಾನಿಯನ್ನು ಒರೆಸಿ, ಮೇಣ ಅಂಟಿಸಿ, ಕಪಾಟಿನಲ್ಲಿ ಕೂರಿಸಿ ಬೀಗ ಹಾಕಿದೆ. ತಟ್ಟಿ ನೋಡಲು ಮನಸ್ಸಾಗಲಿಲ್ಲ. ಬೀಗದ ಕೈ ನನ್ನ ಕಾರಿನ ಕೀಲಿಯ ಜೊತೆಯಲ್ಲೇ ಇದೆ.

ಸದ್ದು ಮೊದಲ ಸಲ ಕೇಳಿದ ರಾತ್ರಿ ಜುಲೈ ತಿಂಗಳ ಚಳಿ; ಇಲ್ಲಿ ಚಳಿಗಾಲ ಆಗಲೇ. ಹೊರಗೆ ಹುಲ್ಲಿನ ಮೇಲೆ ಹಿಮ ಕೂತಿತ್ತು. ಯಾಕೋ ಎಚ್ಚರವಾಯಿತು. ಫೋನಿನಲ್ಲಿ ಎರಡು ಗಂಟೆ ಹತ್ತು ನಿಮಿಷ.

ಟಿಣ್…

ಮಲಗಿದಲ್ಲೇ ಕಲ್ಲಾದೆ. ಭೂಮಿ ನಡುಗಿತೇನೋ ಎಂದುಕೊಂಡೆ. ನಡುಗಿದ್ದರೆ ಕಪಾಟಿನ ಗಾಜು, ಅಡುಗೆಮನೆಯ ಲೋಟ, ಎಲ್ಲವೂ ಸದ್ದು ಮಾಡಬೇಕಿತ್ತು. ಅವು ಯಾವುವೂ ಸದ್ದು ಮಾಡಿರಲಿಲ್ಲ.

ಟಿಣ್… ಟಿಣ್…

ಎದ್ದೆ. ಹಾಲ್‌ನಲ್ಲಿ ನೀಲಗಿರಿ ಎಣ್ಣೆಯ ವಾಸನೆ. ಶೈಲಾಳ ಎದೆಗೆ ಹಚ್ಚುತ್ತಿದ್ದ ಎಣ್ಣೆ ಅದು. ಉಳಿದ ಬಾಟಲಿಯನ್ನು ನಾನೇ ಕಸಕ್ಕೆ ಹಾಕಿದ್ದೆ. ದೀಪ ಹಾಕಿದೆ. ಕಪಾಟಿನ ಬೀಗ ಹಾಕಿದಂತೆಯೇ ಇತ್ತು. ಹಸಿರು ಹೂದಾನಿ ಮೇಣದ ಮೇಲೆ ಕದಲದೆ ಕೂತಿತ್ತು.

ಬೆನ್ನ ಹಿಂದೆ ಬಾಗಿಲು ಕಿರ್ ಎಂದಿತು. ಮೇಘನಾ ನಿಂತಿದ್ದಳು.

"ಅಪ್ಪ… ಈಸ್ ದಟ್ ಅಮ್ಮಾಸ್ ಪಾಟ್?" ಪಿಸುಗುಟ್ಟಿದಳು. ಅವಳು ಹುಟ್ಟಿದ್ದು ಇಲ್ಲೇ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ನಿಂಗೂ ಕೇಳಿಸ್ತಾ ಪುಟ್ಟಾ?"

"ಯಾ. ಐ ಥಾಟ್ ಇಟ್ ವಾಸ್ ಯು."

ನಾವಿಬ್ಬರೂ ಅದನ್ನೇ ನೋಡುತ್ತ ಎಷ್ಟೋ ಹೊತ್ತು ನಿಂತೆವು. ಏನೂ ಆಗಲಿಲ್ಲ. ದೀಪ ಆರಿಸಿ ತಿರುಗಿದೆವು…

ಟಿಣ್.

ಮೇಘನಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಮರುದಿನವೂ ಗುರುತಿತ್ತು. ಬೆಳಗಿನವರೆಗೆ ಇಬ್ಬರೂ ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಕೂತೆವು. ನಾನು ಕೆಲಸಕ್ಕೆ ಹೋಗಲಿಲ್ಲ.

ಬೆಳಕಾದ ಮೇಲೆ ಹೆನ್ನಿ ಆಂಟಿಯನ್ನು ಕರೆದೆ. ರಾತ್ರಿಯ ವಿಷಯ ಹೇಳಲಿಲ್ಲ. ಹಸಿರು ಹೂದಾನಿಯನ್ನೊಮ್ಮೆ ನೋಡಿ ಎಂದಷ್ಟೇ ಕೇಳಿದೆ. ಅವರು ಉಂಗುರ ತೆಗೆದು ಮೇಜಿನ ಮೇಲಿಟ್ಟು, ಹೂದಾನಿಯನ್ನು ಮೆಲ್ಲಗೆ ತಿರುಚಿ ಮೇಣದಿಂದ ಬಿಡಿಸಿ, ಉಗುರಿನಿಂದ ತಟ್ಟಿದರು.

ಟಪ್.

ಇನ್ನೊಮ್ಮೆ ತಟ್ಟಿದರು. ಮರದ ಹಲಗೆ ತಟ್ಟಿದ ಹಾಗೆ. ಟಪ್.

"ಅಯ್ಯೋ, ಇದು ಸತ್ತಿದೆ," ಎಂದರು ತಮ್ಮ ಇಂಗ್ಲಿಷಿನಲ್ಲಿ. ಟಾರ್ಚ್ ಹಿಡಿದು ತೋರಿಸಿದರು. ಬಾಯಿಯ ಅಂಚಿನಿಂದ ತಳದವರೆಗೆ ಕೂದಲೆಳೆಯಂಥ ಬಿರುಕು. "ಹಳೆಯದಾಗಿದ್ದರೆ ಕೊಳೆ ಕೂತು ಕಂದಾಗಿರುತ್ತಿತ್ತು. ಇದು ಬೆಳ್ಳಗಿದೆ. ಕೆಲವು ತಿಂಗಳಷ್ಟೇ ಆಗಿರಬಹುದು. ಇಲ್ಲಿ ನೋಡಿ, ಹೊಳಪು ಎದ್ದುಹೋಗಿದೆ. ಒಂದೇ ಜಾಗಕ್ಕೆ ಬಿದ್ದ ಏಟು… ಒಂದಲ್ಲ, ತುಂಬಾ. ಉಗುರಿನಿಂದ ಹೀಗಾಗುವುದಿಲ್ಲ. ಉಂಗುರದಂಥದ್ದೇ ಆಗಬೇಕು. ಶೈಲಾ ಮಾತ್ರ ಎಂದೂ ಉಂಗುರ ಹಾಕಿಕೊಂಡು…"

ನನ್ನ ಮುಖ ನೋಡಿದರು. ಹೂದಾನಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತುಬಿಟ್ಟರು.

ಕಾಯಿಲೆಯಲ್ಲಿ ಬೆರಳು ಸೊರಗಿ ಉಂಗುರ ಜಾರುತ್ತಿತ್ತು. ಬೀಳದಿರಲೆಂದು ಅದಕ್ಕೆ ನೂಲು ಸುತ್ತಿ ಅವಳ ಬೆರಳಿಗೆ ಹಾಕಿದವನು ನಾನೇ.

ಅಂದರೆ ಶೈಲಾ ಕರೆದಿದ್ದಾಳೆ. ಮೊದಲು ಉಗುರಿನಿಂದ. ನಾನು ಏಳದಿದ್ದಾಗ, ತನ್ನ ಕಟ್ಟಳೆಯನ್ನೇ ಮುರಿದು ಉಂಗುರದಿಂದ. ಬಿರುಕು ಬಿಟ್ಟಮೇಲೆ ಅದು ಟಿಣ್ ಎಂದಿರಲಾರದು. ಆಮೇಲೂ ಎಷ್ಟು ಹೊತ್ತು ತಟ್ಟುತ್ತಲೇ ಇದ್ದಳೋ… ಗೋಡೆಯ ಈಚೆ ನಾನು ಮಲಗಿದ್ದೆ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಆದರೆ ಸತ್ತ ಹೂದಾನಿ ಟಿಣ್ ಎನ್ನುವುದು ಹೇಗೆ? ಹೆನ್ನಿ ಆಂಟಿಗೆ ಎಲ್ಲವನ್ನೂ ಹೇಳಿ ಕೇಳಿದೆ. ಅವರು ತಲೆಯಾಡಿಸಿದರು. "ಆಗಲ್ಲ. ಸಾಧ್ಯವೇ ಇಲ್ಲ." ಬೇಕಾದರೆ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು. ಕೊಡಲು ನನಗೆ ಮನಸ್ಸು ಬರಲಿಲ್ಲ. ಮತ್ತೆ ಮೇಣದ ಮೇಲೆ ಕೂರಿಸಿ ಬೀಗ ಹಾಕಿದೆ.

ಅಂದಿನಿಂದ ವಾರದಲ್ಲಿ ಎರಡು ಮೂರು ರಾತ್ರಿ ಅದು ಕರೆಯುತ್ತದೆ. "ಬಂದೆ ಶೈಲಾ," ಎಂದು ಎದ್ದು ಹೋಗುತ್ತೇನೆ. ಕಪಾಟಿನ ಮುಂದೆ ನಿಲ್ಲುತ್ತೇನೆ. ನೀರು ಬೇಕೋ, ದಿಂಬು ಸರಿಮಾಡಬೇಕೋ, ಕಾಲು ಒತ್ತಬೇಕೋ… ಯಾವುದೂ ಈಗ ನನ್ನ ಕೈಲಿಲ್ಲ. ನಿಂತು ನಿಂತು ಕಾಲು ಮರಗಟ್ಟಿದ ಮೇಲೆ ಬಂದು ಮಲಗುತ್ತೇನೆ.

ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ.

ನಿನ್ನೆ ರಾತ್ರಿ ಮತ್ತೆ ಟಿಣ್ ಎಂದಿತು. ನಾನು ರಜಾಯಿ ಸರಿಸುವಷ್ಟರಲ್ಲಿ ಮೇಘನಾಳ ಕೋಣೆಯಿಂದ ದನಿ ಬಂತು. ಅವಳದೇ ದನಿ. ಅಚ್ಚ ಕನ್ನಡ.

"ಬಂದೆ ಅಮ್ಮ."

ಓಡಿ ಹೋಗಿ ಬಾಗಿಲು ತೆರೆದೆ. ಮೇಘನಾ ಗಾಢ ನಿದ್ದೆಯಲ್ಲಿದ್ದಳು. ಬಲಗೈ ರಜಾಯಿಯ ಹೊರಗೆ ಚಾಚಿತ್ತು.

ಬೆಳಿಗ್ಗೆ ಕೇಳಿದರೆ, "ಐ ಸ್ಲೆಪ್ಟ್ ರೈಟ್ ಥ್ರೂ, ಅಪ್ಪ," ಎಂದು ಬ್ರೆಡ್ಡಿಗೆ ಬೆಣ್ಣೆ ಸವರಿದಳು.

ಈಗ ಅವಳ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಎರಡು ಗಂಟೆಗೆ ಇನ್ನು ಐದು ನಿಮಿಷ. ಹಾಲ್‌ನಲ್ಲಿ ಮತ್ತೆ ನೀಲಗಿರಿ ಎಣ್ಣೆಯ ವಾಸನೆ. ಮಗಳನ್ನು ಕರೆಯಬೇಡ ಎಂದು ಶೈಲಾಳಿಗೆ ಹೇಳಬೇಕು. ಹೇಳಲು ನನಗೆ ಬಾಯಿಲ್ಲ. ಕರೆದಾಗ ಹೋಗದವನು ನಾನು.