ಬೀಗಣ್ಣನ ಐದು ಡೇಲಿಯಾ ಗೆಡ್ಡೆ

ಗಿಡದ ವಿಷಯದಲ್ಲಿ ನನ್ನ ಕೈಗುಣ ಎಂಥದ್ದೆಂದರೆ, ಮೂಲೆಯ ಪೊರಕೆಯನ್ನು ಎರಡು ದಿನ ಮುಟ್ಟಿದರೆ ಮೂರನೆಯ ದಿನ ಅದು ಚಿಗುರುತ್ತದೆ. ಇದು ಬೀದಿಯೆಲ್ಲ ಒಪ್ಪಿದ ಮಾತು. ಯಾರನ್ನೂ ನಂಬದ ಪಕ್ಕದ ಮನೆಯ ಬೀಗಣ್ಣ ಕೂಡ ತಲೆಯಾಡಿಸಿದ್ದ.

ಅವನಿಗೆ ಬೇರೆ ಹೆಸರಿತ್ತು. ನಲವತ್ತು ವರ್ಷ ಬೀಗ ರಿಪೇರಿ ಮಾಡಿ ಅದು ತೇಯ್ದುಹೋಗಿತ್ತು. ಬಾಗಿಲಗಲದ ಅಂಗಡಿ, ಅರ, ಇಕ್ಕಳ, ಗೋಡೆ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಕೈಗಳು. ಕೀಲಿ ಕಳೆದುಕೊಂಡವರು ಕರೆದರೆ ಹೋಗುತ್ತಿದ್ದ. ಆದರೆ ಮೊದಲು ವಿಚಾರಣೆ: "ಇದು ನಿಮ್ಮದೇ ಮನೆ ಅನ್ನೋದಕ್ಕೆ ಏನು ಸಾಕ್ಷಿ?" ಸ್ವಂತ ಮಾವನನ್ನೇ ಅರ್ಧ ಗಂಟೆ ಹೊಸ್ತಿಲಾಚೆ ನಿಲ್ಲಿಸಿ, ಒಳಗೆ ಎಷ್ಟು ಕುರ್ಚಿ, ಯಾವುದರ ಕಾಲು ಮುರಿದಿದೆ ಎಂದು ಕೇಳಿದ್ದನಂತೆ. ಸಂಜೆ ಬಿಸಿಲಿನಲ್ಲಿ ನೆರಳು ತನಗಿಂತ ಮೊದಲು ಮನೆ ಹೊಕ್ಕರೆ ಅದನ್ನೂ ತಡೆದು ವಿಚಾರಿಸುವ ಆಸಾಮಿ. "ಬೀಗ ಎಷ್ಟು ಸಲೀಸಾಗಿ ತೆರೆಯುತ್ತೆ ಅಂತ ನಿಮಗೆ ಗೊತ್ತಿಲ್ಲ ಮೇಷ್ಟ್ರೇ, ಅದಕ್ಕೇ ನೆಮ್ಮದಿಯಾಗಿ ನಿದ್ದೆ ಮಾಡ್ತೀರಿ" ಎಂದು ನನಗೆ ಹೇಳುತ್ತಿದ್ದ.

ಇಂಥವನ ಕೈಗೆ ಅವನ ಅಕ್ಕ ಐದು ಡೇಲಿಯಾ ಗೆಡ್ಡೆ ಒಪ್ಪಿಸಿದಳು. ಅವರ ತಾಯಿ ಬೆಳೆಸುತ್ತಿದ್ದ, ತಟ್ಟೆಯಗಲದ ಕಡುಗೆಂಪು ಹೂವಿನ ತಳಿ. ಅಕ್ಕನ ಅಂಗಳಕ್ಕೆ ಸಿಮೆಂಟು ಬಿದ್ದು, ಉಳಿದದ್ದು ಇವೇ ಐದು. ಇವು ಹೋದರೆ ಅಮ್ಮನ ಹೂವೂ ಹೋದಂತೆ.

"ಇದು ಆಲೂಗಡ್ಡೆ ಅಲ್ಲ ಕಣೋ" ಎಂದಳು ಅಕ್ಕ. "ಚಿಗುರೊಡೆಯೋ ಕಣ್ಣು ಮೈಮೇಲಿರಲ್ಲ, ಕುತ್ತಿಗೇಲಿರುತ್ತೆ. ಕುತ್ತಿಗೆ ಮುರೀತೋ, ಗೆಡ್ಡೆ ಎಷ್ಟು ದಪ್ಪಗಿದ್ರೂ ದಂಡ. ಬಿಸಿಲು ಬೀಳೋ ಕಡೆ, ಅರ್ಧ ಗೇಣು ಆಳದಲ್ಲಿ ಅಡ್ಡ ಮಲಗಿಸು. ಕೋಲು ಈಗ್ಲೇ ನೆಡು, ಆಮೇಲೆ ಚುಚ್ಚೋಕೆ ಹೋದ್ರೆ ಗೆಡ್ಡೆ ಹೊಟ್ಟೆಗೇ ಹೋಗುತ್ತೆ. ಮಣ್ಣಲ್ಲಿರೋ ತೇವ ಸಾಕು. ಚಿಗುರು ಕಾಣೋವರೆಗೂ ನೀರು ಹಾಕಬೇಡ, ಕೊಳೆತುಹೋಗುತ್ತೆ."

"ಒಂದು ಲೋಟಾನೂ ಬೇಡ್ವಾ?"

"ನಿನ್ನ ಕಣ್ಣೀರೂ ಬೇಡ."

ನಮ್ಮಿಬ್ಬರ ಹಿತ್ತಲ ನಡುವಿನ ಗೋಡೆಯ ಪಕ್ಕ ಬೀಗಣ್ಣ ಅಳತೆಪಟ್ಟಿ ಹಿಡಿದು ಪಾತಿ ತೋಡಿದ. ಐದು ಕೋಲು ನೆಟ್ಟು, ಒಂದೊಂದಕ್ಕೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕಟ್ಟಿದ. ಆಮೇಲೆ ಒಂದು ಹನಿ ನೀರಿಲ್ಲ. ಹೂವಿನ ಹೆಸರಲ್ಲಿ ಚಿನ್ನ ಹೂತಿದ್ದಾನೆ ಎಂದು ಬೀದಿ ಪಿಸುಗುಟ್ಟಿತು. ನೆಟ್ಟು ನೀರು ಹಾಕದವನನ್ನು ಯಾರು ತಾನೇ ನಂಬುತ್ತಾರೆ? ಅಕ್ಕನ ಉಪದೇಶ ಆಗ ನನಗೆ ಗೊತ್ತಿರಲಿಲ್ಲ. ಗೋಡೆಯಾಚೆ ಇಣುಕಿದರೆ ಮಣ್ಣು ಬಾಯಿ ಬಿಟ್ಟಿತ್ತು. ನನ್ನ ಕೈಗುಣ ಸುಮ್ಮನಿದ್ದೀತೇ? ಅವನು ಅಂಗಡಿಗೆ ಹೋದ ಮೇಲೆ ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಎರಡು ಚೊಂಬು ನಲ್ಲಿ ನೀರು ಸುರಿಯತೊಡಗಿದೆ. ಬಾಯಲ್ಲಿ ಎರಡು ಚೊಂಬು. ನಿಜದಲ್ಲಿ, ಕಪ್ಪೆಗಳು ಸಂಸಾರ ಸಮೇತ ಬಂದು ಬಾಡಿಗೆ ವಿಚಾರಿಸುವಷ್ಟು.

ಮೂರೇ ದಿನಕ್ಕೆ ಬೀಗಣ್ಣ ಬಂದ. "ಯಾರೋ ನೀರು ಹಾಕ್ತಿದಾರೆ ಮೇಷ್ಟ್ರೇ."

ಮೆಚ್ಚುಗೆಗಾಗಿ ಕಾದಿದ್ದವನು ಅವನ ಮುಖ ನೋಡಿ ಹೆದರಿದೆ. "ಇಬ್ಬನಿ ಇರಬಹುದು ಕಣಯ್ಯ."

"ನಮ್ಮನೆ ಪಾತಿಗೆ ಮಾತ್ರ ಬೀಳುತ್ತಾ ಇಬ್ಬನಿ?"

ಕಳ್ಳನ ಹೆಜ್ಜೆಗುರುತು ಹಿಡಿಯಲು ಪಾತಿಯ ಸುತ್ತ ಅರ ಉಜ್ಜಿದ ಲೋಹದ ಪುಡಿ ಉದುರಿಸಿದ. ಒಂದು ಹೆಜ್ಜೆಯೂ ಮೂಡಲಿಲ್ಲ, ಮಣ್ಣು ಮಾತ್ರ ಒದ್ದೆ. ಕೊನೆಗೆ ಅನುಮಾನ ಹೆಂಡತಿಯ ಮೇಲೆ ತಿರುಗಿತು.

"ಪಾತ್ರೆ ತೊಳೆದ ನೀರು ಎಲ್ಲಿ ಚೆಲ್ತೀಯ?"

"ನಿಮ್ಮ ತಲೆ ಮೇಲೆ ಚೆಲ್ಲೋಣ ಅಂತಿದೀನಿ. ಸ್ವಲ್ಪ ಬಗ್ಗಿ."

ನಾನಾದರೂ ಅಲ್ಲಿಗೇ ನಿಲ್ಲಿಸಬಹುದಿತ್ತು. ಚಿಗುರೊಡೆದರೆ ಎಲ್ಲ ಮರೆತುಹೋಗುತ್ತದೆ ಎಂದು ಇನ್ನೊಂದು ಚೊಂಬು ಹೆಚ್ಚೇ ಸುರಿದೆ.

ತಿಂಗಳಾದರೂ ಏನೂ ಮೇಲೆ ಬರಲಿಲ್ಲ. ಒಂದು ಭಾನುವಾರ, ನಾನು ಗೋಡೆಯ ಮೇಲಿಂದ ನೋಡುತ್ತಿರುವಾಗಲೇ, ಬೀಗಣ್ಣ ಬೆರಳಿನಿಂದಲೇ ಮಣ್ಣು ಕೆದಕಿದ. ಮೊದಲನೆಯ ಗೆಡ್ಡೆ ಮುಟ್ಟಿದೊಡನೆ ಲೋಳೆಯಾಗಿ ಜಾರಿತು. ಎರಡು, ಮೂರು, ನಾಲ್ಕು, ಎಲ್ಲದರ ಗತಿಯೂ ಅದೇ. ನಾತಕ್ಕೆ ಅವನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವನು ಅದೇ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. "ಅಕ್ಕಂಗೆ ಏನಂತ ಹೇಳ್ಲಿ?"

ನನಗೆ ತಡೆಯಲಾಗಲಿಲ್ಲ. "ನಾನೇ ಕಣಯ್ಯ. ಗೋಡೆ ಮೇಲಿಂದ."

ಅವನು ತಲೆಯೆತ್ತಿದ. "ಇಡೀ ಬೀದೀಲಿ ನಿಮ್ಮೊಬ್ಬರ ಮೇಲೆ ನಂಗೆ ಅನುಮಾನ ಬಂದಿರ್ಲಿಲ್ಲ ಮೇಷ್ಟ್ರೇ."

"ಐದನೇದೂ ನೋಡು" ಎಂದೆ, ಕ್ಷೀಣವಾಗಿ.

"ಅಲ್ಲೇನೂ ಇಲ್ಲ. ಬರೀ ಕೋಲು, ಬಿಲ್ಲೆ. ಇದ್ದದ್ದನ್ನೆಲ್ಲ ಒಂದೇ ಕಡೆ ಇಡೋಕೆ ನಂಗೇನು ತಲೆ ಕೆಟ್ಟಿದ್ಯಾ?"

ಐದನೆಯದು ಅಂಗಡಿಯ ತಾರಸಿಯ ಮೇಲೆ, ತಳಕ್ಕೆ ತೂತು ಹೊಡೆದ ಬಣ್ಣದ ಡಬ್ಬದಲ್ಲಿ ಬೆರಳುದ್ದ ಚಿಗುರಿತ್ತು. ಹೆಂಡತಿಯ ಬಳಿ ಆ ರಾತ್ರಿ ಅವನು ಕ್ಷಮೆ ಕೇಳಿದನೆಂದು ಸುದ್ದಿ. ಇದನ್ನು ನಾನೂ ನಂಬಿಲ್ಲ. ಗಿಡಕ್ಕೆ ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿದ, ಅದು ಪೊದೆಯಾಯಿತು. ಹೂ ಬಿಟ್ಟಾಗ ಅಕ್ಕ ಬಂದು, ಅದರ ಕೆನ್ನೆ ಸವರಿ, "ಅಮ್ಮಂದೇ" ಎಂದಳು. ಗಿಡ ಒಣಗಿದ ಮೇಲೆ ಅಗೆದರೆ ಒಂದಿದ್ದದ್ದು ಆರಾಗಿತ್ತು.

ಗೋಡೆಯ ಮೇಲೆ ಗಲ್ಲ ಊರಿ ಕೇಳಿದೆ, "ಒಂದು ಗೆಡ್ಡೆ ನನಗೂ ಕೊಡಯ್ಯ."

"ಧಾರಾಳವಾಗಿ ಕೊಡ್ತೀನಿ ಮೇಷ್ಟ್ರೇ. ಮೊದ್ಲು ನಿಮ್ಮ ನಲ್ಲಿಯ ಹಿಡೀನ ಬಿಚ್ಚಿ ತಂದು ನನ್ನ ಕೈಗೆ ಕೊಡಿ."