ಡ್ರೈ ಪದ ಕಲಿಸಿದ ಮಾಸ್ತರು

ನಮ್ಮ ಇಂಗ್ಲಿಷ್ ಮಾಸ್ತರರ ಮುಂದಿನ ಹಲ್ಲೊಂದರ ತುದಿ ಮುರಿದಿತ್ತು. ಭತ್ತದ ಕಾಳು ಕಚ್ಚಿ ಕಚ್ಚಿಯೇ ಮುರಿದದ್ದೆಂದು ನಮ್ಮೂರು ಪಾಳಾದ ಮಂದಿ ನಗುತ್ತಿದ್ದರು. ಒಕ್ಕಲುತನದ ಮನೆಯವರು ನೋಡಿ. ಸುಗ್ಗಿಯಲ್ಲಿ ಯಾರ ಅಂಗಳದಲ್ಲಿ ಭತ್ತ ಹರವಿದ್ದರೂ ಸೈಕಲ್ ನಿಲ್ಲಿಸಿ ಒಂದು ಕಾಳು ಬಾಯಿಗೆ ಹಾಕಿಕೊಳ್ಳುವರು. ಕಟಕ್ಕೆಂದರೆ ಚೀಲ ತುಂಬಬಹುದು, ಮೆತ್ತಗಿದ್ದರೆ ಇನ್ನೊಂದು ಬಿಸಿಲು ಬೇಕು.

ಪಾಠದಲ್ಲಿ ಡ್ರೈ ಎಂಬ ಪದ ಬಂದ ದಿನ ತರಗತಿಗೂ ಒಂದು ಬೊಗಸೆ ಭತ್ತ ತಂದು ಎಲ್ಲರಿಂದ ಕಚ್ಚಿಸಿದರು. ಒಣಗಿದ್ದು ಎಂದು ಅರ್ಥ ಬರೆದುಕೊಂಡು ಜಂಬದಿಂದ ಕುಳಿತಿದ್ದ ನನ್ನ ನೋಟ್‌ಬುಕ್ ಮುಚ್ಚಿಸಿ, "ಅರ್ಥ ಇರ್ಲಿ, ಬಳಸಿ ತೋರ್ಸವಾ" ಎಂದರು. ಅರಿವೆ ಡ್ರೈ, ಬಾವಿ ಡ್ರೈ, ಗಂಟಲು ಡ್ರೈ. ಹತ್ತು ವಾಕ್ಯ ಹೇಳದೆ ಯಾರೂ ಊಟಕ್ಕೆ ಏಳುವಂತಿರಲಿಲ್ಲ. ನನಗೆ ಮಹಾ ಸಿಟ್ಟು ಬಂದಿತ್ತು. ಇಂದು ಮುಂಡಗೋಡದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಉಣ್ಣುತ್ತಿದ್ದೇನೆಂದರೆ ಅದು ಅವರದೇ ಪುಣ್ಯ.

ಹೋದ ವರ್ಷ ಹೊಟ್ಟೆಯ ಆಪರೇಷನ್ನಿಗೆಂದು ಅವರನ್ನು ಹುಬ್ಬಳ್ಳಿಗೆ ಒಯ್ದಾಗ, ಅವರ ಹೆಂಡತಿ ಅಕ್ಕೋರ ಜೊತೆಗೆ ನಾನೂ ಹೋಗಿದ್ದೆ. ಆಪರೇಷನ್ನಿಗೆ ಮೊದಲು ಹನಿ ನೀರೂ ಕೊಡಬಾರದೆಂದು ನರ್ಸ್ ಹೇಳಿಹೋದಳು. ಅಕ್ಕೋರು ಔಷಧಿ ತರಲು ಹೋದಾಗ ಮಾಸ್ತರರು ನೀರು ಕೇಳಿದರು. ಆಗದೆಂದೆ. ಮತ್ತೆ ಕೇಳಿದರು. ನಾನು ಬಾಟಲಿಯನ್ನು ಮಂಚದ ಕೆಳಗೆ ಸರಿಸಿದೆ. ತುಟಿಗಳು ಒಡೆದಿದ್ದವು, ಆದರೂ ಕಣ್ಣಲ್ಲಿ ಹಳೆಯ ಕೀಟಲೆ ಇತ್ತು.

"ಮೈ ಮೌತ್ ಈಸ್ ಡ್ರೈ" ಎಂದರು. "ವಾಕ್ಯ ಬರೋಬರಿ ಐತೇನ ಮಗಳ?"

"ಬರೋಬರಿ ಐತ್ರಿ ಸರ್. ಆದ್ರ ನೀರು ಕೊಡಂಗಿಲ್ರಿ."

ಅವರು ಗೋಡೆಯ ಕಡೆ ಮಗ್ಗುಲಾದರು. ಅರ್ಧ ತಾಸಿನಲ್ಲಿ, ಆಪರೇಷನ್ನಿಗೆ ಒಯ್ಯುವ ಮೊದಲೇ, ಜೀವ ಹೋಯಿತು.

ನೀನು ಮಾಡಿದ್ದೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ಡಾಕ್ಟರೂ ಹೇಳಿದರು. ಬೆಂಕಿ ಬಿತ್ತು ಆ ಸರಿಗೆ. ಈಗಲೂ ನೀರಿನ ಲೋಟ ಎತ್ತಿದರೆ ಪಕ್ಕದಲ್ಲಿ ಯಾರೋ ಕೇಳುತ್ತ ಮಲಗಿದ್ದಾರೆ ಅನ್ನಿಸುತ್ತದೆ. ತಿರುಗಿ ನೋಡದೆ ಒಂದು ಗುಟುಕೂ ಇಳಿಯುವುದಿಲ್ಲ.

ಅಂದು ಅವರನ್ನು ಪಾಳಾಕ್ಕೆ ತಂದು ಮಲಗಿಸಿದಾಗ ಹತ್ತಿರದವರೆಲ್ಲ ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಟ್ಟರು. ಅಕ್ಕೋರು ನನ್ನ ಕೈಗೂ ಚಮಚೆ ಕೊಟ್ಟು, "ನೀನೂ ಬಿಡವಾ, ನೀ ಮಗಳಿದ್ದಂಗ" ಎಂದರು. ಬಿಟ್ಟೆ. ನೀರು ಕಟಬಾಯಿಯಿಂದ ಇಳಿದು ಕಿವಿಯ ಹಿಂದೆ ಹೋಯಿತು. ಇನ್ನೊಂದು ಚಮಚೆ ಬಿಟ್ಟೆ. ಮತ್ತೊಂದು ಬಿಟ್ಟೆ. ಸಾಕು ಎಂದು ಯಾರೋ ನನ್ನ ಕೈಯಿಂದ ಚಮಚೆ ಕಿತ್ತುಕೊಂಡರು.