ನಾದಿನಿಯ ಮೊಣಕಾಲು

ವಯನಾಡು ಬೇರೆ ಜಿಲ್ಲೆಯಾದ ಹೊಸತರಲ್ಲಿ, ಜಿಲ್ಲೆಯ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ನಮ್ಮ ಮನೆಯ ಕಾಫಿ ಕಣದಲ್ಲಿ ಅಭ್ಯಾಸ ಮಾಡುತ್ತಿತ್ತು. ಹೀಗೆ ಹೇಳಿದರೆ ದೊಡ್ಡ ಸಂಗತಿಯಂತೆ ಕೇಳುತ್ತದೆ. ನಮ್ಮ ಪನಮರಂ ಸುತ್ತಿನಲ್ಲಿ ಆ ಆಟ ಆಡುವ ಹುಡುಗಿಯರಿದ್ದದ್ದು ಒಂದೇ ಶಾಲೆಯಲ್ಲಿ. ಶಾಲೆಯ ಅಂಗಳ ಮಣ್ಣಿನದು. ಚೆಂಡು ಪುಟಿಯುವ ಸಿಮೆಂಟು ನೆಲ ಇದ್ದದ್ದು ನಮ್ಮಲ್ಲಿ. ಕಣದ ತುದಿಗೆ ಕಂಬ ನೆಟ್ಟು, ಹಲಸಿನ ಹಲಗೆಗೆ ಕಬ್ಬಿಣದ ಬಳೆ ಬಡಿದಿದ್ದರು. ನಾವು ಕಣ್ಣೂರು ಜಿಲ್ಲೆಗೆ ಸೇರಿದ್ದಾಗ ಈ ಹುಡುಗಿಯರನ್ನು ಕೇಳುವವರಿರಲಿಲ್ಲ. ಹೊಸ ಜಿಲ್ಲೆಗೆ ಒಂದು ತಂಡ ಬೇಕಾಯಿತು, ಇವರೇ ತಂಡವಾದರು. ಹೋದಲ್ಲೆಲ್ಲ ಸೋತು ಬರುತ್ತಿದ್ದರು. ಬಳೆಯೊಳಗೆ ಬಿದ್ದ ಅಷ್ಟಿಷ್ಟು ಚೆಂಡುಗಳೂ ನನ್ನ ನಾದಿನಿ ಹಾಕಿದವು.

ಅವಳು ನನ್ನ ಯಜಮಾನರ ಕೊನೆಯ ತಂಗಿ. ನಾನು ಮದುವೆಯಾಗಿ ಬಂದಾಗ ಆರು ವರ್ಷದವಳು. ಅವಳ ಜಡೆ ಹೆಣೆದು ದೊಡ್ಡವಳನ್ನಾಗಿ ಮಾಡಿದವಳು ನಾನೇ. ಈಗ ನನಗಿಂತ ಒಂದು ಗೇಣು ಎತ್ತರವಾಗಿದ್ದಳು. ರಾಜ್ಯಮಟ್ಟದ ಪಂದ್ಯದಲ್ಲಿ ಚೆನ್ನಾಗಿ ಆಡಿದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಗುತ್ತದೆ, ಕಾಲೇಜು ಓದಬಹುದು ಎಂದು ಶಾಲೆಯ ಡ್ರಿಲ್ ಮೇಷ್ಟರು, ನಮ್ಮೂರ ಮಾತಿನಲ್ಲಿ ಮಾಷ್, ಆಸೆ ಹುಟ್ಟಿಸಿದ್ದರು. ಅತ್ತೆ ಒಪ್ಪಿದ್ದು ಒಂದೇ ವರ್ಷಕ್ಕೆ. "ಈ ಸಲ ಸೀಟು ಬಂದ್ರೆ ಹೋಗು. ಬರ್ಲಿಲ್ಲ ಅಂದ್ರೆ ಆ ಚಡ್ಡಿ ಸುಟ್ಟು ಸೀರೆ ಉಡು" ಎಂದಿದ್ದರು.

ಕಾಫಿ ಒಣಗಿಸುವ ತಿಂಗಳುಗಳಲ್ಲಿ ಶಾಲೆ ಬಿಡುವ ಹೊತ್ತಿಗೆ ಹಣ್ಣನ್ನು ರಾಶಿ ಮಾಡಿ, ಕಣ ಗುಡಿಸಿ ಹುಡುಗಿಯರಿಗೆ ಬಿಟ್ಟುಕೊಡುವುದು ನನ್ನ ಕೆಲಸ. ಆ ದಿನ ಕಂಬದ ಬುಡದಲ್ಲಿ ಒಂದು ಹಿಡಿ ಹಣ್ಣಿಗೆ ಇರುವೆ ಮುತ್ತಿತ್ತು. ಸಿಹಿಗೆ ಬಂದ ಜೀವಗಳು. ಪೊರಕೆ ಹಾಕಿದರೆ ನೂರಾರು ಸಾಯುತ್ತವೆ. ನಮ್ಮ ಜೈನರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮೊದಲು ಕಲಿಸುವುದೇ ಕಸ ಗುಡಿಸುವಾಗ ಕಣ್ಣು ಎಲ್ಲಿರಬೇಕು ಎಂಬುದನ್ನು. ಅವು ತಾವಾಗಿ ಹೋಗಲಿ, ಆಮೇಲೆ ಗುಡಿಸುತ್ತೇನೆ ಎಂದುಕೊಂಡು ಬಿಟ್ಟೆ. ಹೊತ್ತು ಮುಳುಗುವುದರೊಳಗೆ ಮನೆಯವರ ಊಟ ಮುಗಿಯಬೇಕು. ಒಲೆಯ ಮುಂದೆ ಕೂತವಳಿಗೆ ಮೂಲೆ ಮರೆತೇ ಹೋಯಿತು. ಹಾರಿ ಚೆಂಡು ಹಾಕಿ ಕೆಳಗಿಳಿದ ನಾದಿನಿಯ ಪಾದ ಆ ಹಣ್ಣುಗಳ ಮೇಲೇ ಬಿತ್ತು. ಅವಳ ಕೂಗಿಗೆ ಸೌಟು ಹಿಡಿದುಕೊಂಡೇ ಓಡಿದೆ.

"ಕಣ ಗುಡಿಸಿದ್ದು ಯಾರು?" ಎಂದು ಅತ್ತೆ ಸುತ್ತ ನೋಡಿದರು.

ನಾದಿನಿಯ ಕ್ಯಾನ್ವಾಸ್ ಬೂಟಿನ ಅಡಿಯಲ್ಲಿ ಕೆಂಪು ಸಿಪ್ಪೆ ಇರುವೆಗಳ ಸಮೇತ ಅಂಟಿತ್ತು. ಅದನ್ನು ಅವಳು ನೋಡಿದಳು, ನನ್ನನ್ನು ನೋಡಿದಳು, ಹೆಬ್ಬೆರಳಿನಿಂದ ಉಜ್ಜಿ ತೆಗೆದಳು. "ಯಾರದ್ದೂ ತಪ್ಪಲ್ಲಮ್ಮಾ, ನನ್ನ ಕಾಲೇ ತಿರುಚಿತು" ಎಂದಳು.

ಮೂಳೆ ಮುರಿದಿರಲಿಲ್ಲ, ಅದೊಂದು ಪುಣ್ಯ. ಉಳುಕು ತೆಗೆಯುವ ವೈದ್ಯರು ಮನೆಗೇ ಬಂದು ಪಟ್ಟು ಕಟ್ಟಿದರು, ಅದೂ ಪುಣ್ಯ. ದಿನಾ ಎರಡು ಹೊತ್ತು ನಾನು ಎಣ್ಣೆ ತಿಕ್ಕಿದೆ. ಬೆಳಿಗ್ಗೆ ಇಳಿದ ಮೊಣಕಾಲಿನ ಬಾವು ನಾಲ್ಕು ಹೆಜ್ಜೆ ನಡೆದರೆ ಮತ್ತೆ ಏರುತ್ತಿತ್ತು. ಬಸದಿಗೆ ಹೋಗಿ ಸ್ವಾಮಿಯ ಮುಂದೆ ನಿಂತು ಮಂತ್ರವನ್ನೆಲ್ಲ ಹೇಳಿ ಬರುತ್ತಿದ್ದೆ. ಇರುವೆಯ ಮಾತನ್ನು ಮಾತ್ರ ಅಲ್ಲಿಯೂ ಹೇಳಲಿಲ್ಲ, ಮನೆಯಲ್ಲಿಯೂ ಹೇಳಲಿಲ್ಲ.

ಪಂದ್ಯಕ್ಕೆ ಹೆಸರು ಕಳಿಸುವ ದಿನ ಮಾಷ್ ತಂಡವನ್ನೆಲ್ಲ ಕರೆದುಕೊಂಡು ನಮ್ಮ ಜಗಲಿಗೆ ಬರುವವರಿದ್ದರು. ಬೆಳಿಗ್ಗೆ ಎಣ್ಣೆ ತಿಕ್ಕುವಾಗ ನಾದಿನಿ ನನ್ನ ಕೈ ಹಿಡಿದಳು.

"ಅತ್ತಿಗೆ, ಅವ್ರು ನಿಮ್ಮನ್ನೇ ಕೇಳೋದು. ವಾಸಿಯಾಗಿದೆ ಅಂತ ಒಂದ್ಮಾತು ಹೇಳಿ. ಅಲ್ಲಿಗೆ ಹೋದ್ಮೇಲೆ ನಾನು ನೋಡ್ಕೊಳ್ತೇನೆ."

"ಸುಳ್ಳು ಹೇಳೋಕೆ ನಂಗೆ ಬಾಯಿ ಬರಲ್ಲ, ಮಗಾ."

"ಇರುವೆಗೆ ಮಾಡಿದಷ್ಟಾದ್ರೂ ನಂಗೆ ಮಾಡಿ."

ಅಷ್ಟು ದಿನಗಳಲ್ಲಿ ಅವಳು ಆ ಮಾತೆತ್ತಿದ್ದು ಅದೊಂದೇ ಸಲ.

ಜಗಲಿಯಲ್ಲಿ ಎಲ್ಲರೂ ಕೂತರು. ನಾದಿನಿ ಬಾಗಿಲಿಗೆ ಒರಗಿ ಒಂಟಿ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು. ಕೂತರೆ ಏಳುವಾಗ ಗೊತ್ತಾಗುತ್ತದೆ ಎಂಬ ಭಯ. ಅವಳು ಅಲ್ಲಿಲ್ಲವೇನೋ ಎಂಬಂತೆ ಅವರು ಮಾತಾಡಿದರು.

"ಓಡೋದು ಬೇಡ. ಬಳೆ ಕೆಳಗೆ ಸುಮ್ನೆ ನಿಲ್ಲಿಸಿದ್ರೂ ಆಯ್ತು, ಚೆಂಡು ಕೈಗೆ ಕೊಟ್ರೆ ಹಾಕ್ತಾಳೆ" ಎಂದರು ಮಾಷ್. ಅವರು ಮಲಯಾಳಿ, ನಮ್ಮ ಮನೆಗೆ ಬಂದು ಬಂದೇ ಕನ್ನಡ ಕಲಿತವರು.

ತಂಡದ ನಾಯಕಿ ಪುಲ್ಪಳ್ಳಿ ಕಡೆಯ ಹುಡುಗಿ, ಮಾತು ಖಡಕ್ಕು. "ಕಂಬ ಆಗ್ಲೇ ಒಂದಿದೆಯಲ್ಲ ಮಾಷೇ, ಇನ್ನೊಂದು ಯಾಕೆ? ಹತ್ತೇ ಹೆಸರು ಇರೋದು. ಕುಂಟೋಳನ್ನ ಕರ್ಕೊಂಡು ಹೋದ್ರೆ ಎದುರಿನವರು ನಗ್ತಾರೆ."

"ಈಗೇನು ನಿಮ್ಮನ್ನ ನೋಡಿ ಅಳ್ತಿದ್ದಾರಾ?" ಎಂದಳು ನಾದಿನಿ.

ಹುಡುಗಿಯರು ನಕ್ಕರು. ನಾಯಕಿ ನಗಲಿಲ್ಲ. "ಇವಳಿಲ್ದೆ ಹೋದ್ರೆ ಸೋಲ್ತೇವೆ, ಇವಳ ಜೊತೆ ಹೋದ್ರೂ ಸೋಲ್ತೇವೆ. ಕಾಲಿರೋ ಹುಡುಗಿಗೆ ಜಾಗ ಕೊಡಿ, ಮುಂದಿನ ವರ್ಷಕ್ಕಾದ್ರೂ ಕಲೀತಾಳೆ."

ಮಾಷ್ ಪೆನ್ನು ತೆಗೆದು, ಕಾಫಿ ತಟ್ಟೆ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು. ಅಕ್ಕ ಎಂಬರ್ಥದಲ್ಲಿ ನನ್ನನ್ನು ಚೇಚಿ ಎನ್ನುತ್ತಿದ್ದರು. "ಚೇಚಿ, ಕಾಲಿಗೆ ಎಣ್ಣೆ ಹಾಕೋದು ನೀವು. ನೀವು ಸುಳ್ಳು ಹೇಳಲ್ಲ ಅಂತ ಈ ಊರಿಗೆಲ್ಲ ಗೊತ್ತು. ನೀವು ಆಗ್ತದೆ ಅಂದ್ರೆ ಹೆಸರು ಬರೀತೇನೆ."

ನಾದಿನಿ ನನ್ನನ್ನು ನೋಡಲಿಲ್ಲ. ಅವಳ ಕಣ್ಣು ಪೆನ್ನಿನ ಮೇಲಿತ್ತು.

"ಇಲ್ಲ, ಸಂಜೆಯಾದ್ರೆ ಇನ್ನೂ ಬಾವು ಬರ್ತದೆ" ಎಂದೆ. "ಭಾರ ತಡೆಯೋದಿಲ್ಲ."

ನನಗಾಗಿ ಅವಳು ಆಡಿದ ಸುಳ್ಳನ್ನು ನಾನು ಬಾಯಿ ಮುಚ್ಚಿಕೊಂಡು ಒಪ್ಪಿದ್ದೆ. ಅವಳು ತನಗಾಗಿ ಒಂದು ಸುಳ್ಳು ಕೇಳಿದಾಗ ನನಗೆ ಸತ್ಯದ ವ್ರತ ನೆನಪಾಯಿತು. ಆಡಿದ ಮಾತು ನಿಜವೇ. ಆಡಿಸಿದರೆ ಕಾಲು ಕಾಯಂ ಹೋಗುತ್ತಿತ್ತೇನೋ. ಹಾಗೆಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ.

ಮಾಷ್ ಒಂದು ಹೆಸರು ಬಿಟ್ಟು ಇನ್ನೊಂದು ಬರೆದರು. "ದೊಡ್ಡ ಉಪಕಾರ ಚೇಚಿ" ಎಂದರು. ಒಳಗಿನಿಂದ ಅತ್ತೆ, "ಮುಗೀತಲ್ಲ? ಇನ್ನು ಪೆಟ್ಟಿಗೆಯಿಂದ ಸೀರೆ ತೆಗೀರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ತಂಡಕ್ಕೆ ಇದ್ದದ್ದು ಹತ್ತೇ ಅಂಗಿ. ನಾದಿನಿ ತನ್ನದನ್ನು ಒಳಗಿನಿಂದ ತಂದು ಕೊಟ್ಟಳು. ಅವಳ ಬದಲಿಗೆ ಬಂದ ಹುಡುಗಿ ಗಿಡ್ಡ, ಎಂಟನೇ ತರಗತಿಯವಳು. ಹಾಕಿಕೊಂಡರೆ ಅಂಗಿ ಮಂಡಿಗೆ ಬಂತು. ಹುಡುಗಿಯರು ಮತ್ತೆ ನಕ್ಕರು. "ಚೇಚಿ ಹತ್ರ ಹೊಲಿಗೆ ಮಷೀನ್ ಉಂಟಲ್ಲ, ಈಗಲೇ ಸ್ವಲ್ಪ ಗಿಡ್ಡ ಮಾಡಿ ಕೊಟ್ರೆ ಚೆನ್ನಾಗಿತ್ತು" ಎಂದರು ಮಾಷ್.

ಕತ್ತರಿ ಹಾಕಿ ಅಂಚು ಮಡಚಿದೆ. ಬಟ್ಟೆ ಸೂಜಿಯ ಕೆಳಗೆ ಓರೆಯಾಗಿ ಹೋಗುತ್ತಿತ್ತು. ನಾದಿನಿ ಕುಂಟುತ್ತಾ ಬಂದು, ಯಾರು ನೋಡಿದರೂ ಇನ್ನು ಚಿಂತೆಯಿಲ್ಲವೆಂಬಂತೆ ನನ್ನ ಪಕ್ಕದ ಮಣೆಯ ಮೇಲೆ ಧೊಪ್ಪನೆ ಕೂತಳು. ಅಂಗಿಯ ಇನ್ನೊಂದು ತುದಿಯನ್ನು ಎಳೆದು ಹಿಡಿದಳು.

"ನೆಟ್ಟಗೆ ಹೊಲೀರಿ ಅತ್ತಿಗೆ. ಅವಳಾದ್ರೂ ಸರಿಯಾಗಿ ಕಾಣ್ಲಿ" ಎಂದಳು.